ಹಗೇವಿನ ಬಾಯಿ

ನಮ್ಮ ಬಸವಕಲ್ಯಾಣದ ಮನೆಯ ಪಡಸಾಲೆಗೆ ಈ ಬೇಸಿಗೆಯಲ್ಲಿ ಟೈಲ್ಸ್ ಹಾಕಿಸಿದೆವು. ಹಾಕಿಸಿದೆವು ಎಂದರೆ ಪೂರ್ತಿ ಅಲ್ಲ. ಗೋಡೆಯ ಬದಿಗೆ ಕಬ್ಬಿಣದ ಬಳೆ ಬಡಿದ ಹಳೆಯ ಫರಸಿ ಕಲ್ಲೊಂದು, ಸುತ್ತಲಿನ ನೆಲವೆಲ್ಲ ಫಳಫಳ ಹೊಳೆಯುತ್ತಿದ್ದರೂ ತನ್ನ ಕಪ್ಪು ಮುಖ ಹೊತ್ತು ಹಾಗೆಯೇ ಉಳಿದಿತ್ತು. ಟೈಲ್ಸ್ ಕೂರಿಸಲು ಬಂದ ಮಸ್ತಾನನಿಗೆ ಅದನ್ನು ಕಂಡರಾಗದು. "ಏನ್ರಿ ವಕೀಲರ, ಇಷ್ಟ ಛಂದ ನೆಲಾ ಮಾಡಿ ಇದೊಂದ ಬಿಟ್ರ ಮುಂದಿನ ಹಲ್ಲು ಬಿದ್ದಂಗ ಕಾಣ್ತದ ನೋಡ್ರಿ" ಎಂದು ದಿನವೂ ಗೊಣಗುತ್ತಿದ್ದ. ಅವನ ಮಾತೇನೂ ಸುಳ್ಳಲ್ಲ. ಮುಚ್ಚಿಬಿಡಪ್ಪ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು, ಅತ್ತೆಯವರ ಮುಖ ನೋಡಿ ಒಳಗೇ ಹೋಗಿತ್ತು. ಅದನ್ನು ಕೊನೆಗೆ ನೋಡೋಣ ಎಂದು ಮುಂದೂಡಿದ್ದೆ. ಮುಂದೂಡುವುದು ನಮ್ಮ ವೃತ್ತಿಯ ಗುಣವಲ್ಲವೇ?

ಆ ಕಲ್ಲಿನ ಕೆಳಗೆ ಇರುವುದು ಹಗೇವು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಹಗೇವು ಜೋಳ ತುಂಬಿಡುವ ನೆಲದೊಳಗಿನ ಕಣಜ. ಒಬ್ಬರು ಇಳಿಯುವಷ್ಟೇ ಕಿರಿದಾದ ಬಾಯಿ, ಹತ್ತು ಮನೆಯ ಕಾಳು ಹಿಡಿಯುವಷ್ಟು ದೊಡ್ಡ ಹೊಟ್ಟೆ. ಮುಚ್ಚಿದ ಬಾಯಿಯ ಒಳಗೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ, ಆದರೆ ಗಾಳಿ ವಿಷವಾಗುತ್ತದೆ. ಆದ್ದರಿಂದ ಬಾಯಿ ತೆರೆದವರು ಬಹಳ ಹೊತ್ತು ಹಾಗೇ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ಕಂದೀಲು ಆರಿತೋ, ಒಳಗೆ ಯಾರೂ ಇಳಿಯುವಂತಿಲ್ಲ. ಅವಸರ ಮಾಡಿ ಇಳಿದವರು ಮರಳಿ ಬಾರದ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ನಮ್ಮ ಹಗೇವಿನಲ್ಲಿ ಈಗ ಕಾಳಿಲ್ಲ, ಕತ್ತಲೆ ಮಾತ್ರ ಇದೆ.

ಇದರ ಜೊತೆಗೊಂದು ಪದ್ಧತಿಯೂ ಇತ್ತು. ಮನೆ ಮಾರುವವರು ಕೀಲಿಕೈ ಕೊಡುವ ಮುನ್ನ ಓಣಿಯ ನಾಲ್ಕು ಮಂದಿಯ ಎದುರು ಆ ಕಲ್ಲನ್ನು ಎತ್ತಿಸಿ, ಕೊಂಡವರಿಗೆ ಹಗೇವಿನ ಬಾಯಿ ತೋರಿಸಬೇಕು. ತೋರಿಸಿದ ಮೇಲೆ ಅದರ ಜೋಪಾನ ಕೊಂಡವರದು. ತೋರಿಸದೆ ಹೋದರೆ, ಮಾರಿದವರು ಯಾವ ಊರಿಗೆ ಗುಳೆ ಹೋಗಿರಲಿ, ಹಗೇವಿಗೆ ಬಿದ್ದವರ ಪಾಪ ಅವರ ಬೆನ್ನು ಬಿಡುವುದಿಲ್ಲ. ಈ ಮನೆ ಕೊಳ್ಳುವಾಗ ಮಾವನವರಿಗೂ ಹಾಗೆಯೇ ತೋರಿಸಿದ್ದರಂತೆ. ಅತ್ತೆ ಆಗ ಹೊಸ ಸೊಸೆ, ಬಾಗಿಲ ಮರೆಯಲ್ಲಿ ನಿಂತು ನೋಡಿದವರು.

ನಾನು ದಿನವೂ ಬಸ್ಸಿನಲ್ಲಿ ಹುಮನಾಬಾದಿನ ಕೋರ್ಟಿಗೆ ಹೋಗಿಬರುವವಳು. ಹೆದ್ದಾರಿಯ ಬದಿಯ ಕಾರ್ಖಾನೆಗಳ ಘಾಟು ಮೂಗಿಗೆ ಬಡಿದಾಗ ಊರು ಬಂತೆಂದು ಚೀಲ ಹೆಗಲಿಗೇರಿಸಿಕೊಳ್ಳುವುದು ನನ್ನ ರೂಢಿ. ಈ ವರ್ಷ ನನ್ನ ಬಳಿಗೆ ಬಂದ ಮಾಳಮ್ಮ ದುಬಲಗುಂಡಿಯವರು, ಕುರಿ ಸಾಕುವ ಮನೆತನದವರು. ಆ ಕಾರ್ಖಾನೆಗಳ ಹಿಂದೆಯೇ ಅವರ ಹೊಲ. ಅವರ ಮಾವನ ಕಾಲದಲ್ಲಿ ಒಂದು ಕಾರ್ಖಾನೆ ಆ ಹೊಲದ ತುಂಡೊಂದನ್ನು ಬಾಡಿಗೆಗೆ ಹಿಡಿದು, ಗುಂಡಿ ತೋಡಿ, ತನ್ನ ರಾಸಾಯನಿಕ ಕಸವನ್ನು ಹೂತು, ಮೇಲೆ ಮಣ್ಣೆಳೆದಿತ್ತು. ಮಾವ ತೀರಿಕೊಂಡರು, ಕಾರ್ಖಾನೆ ಕೈಯಿಂದ ಕೈಗೆ ಮಾರಾಟವಾಯಿತು, ನೇಗಿಲು ಹರಿದು ಗುಂಡಿಯ ಗುರುತೇ ಅಳಿಸಿಹೋಯಿತು. ಈಗ ಮಾಳಮ್ಮನಿಗೆ ಹೊಲದಲ್ಲಿ ಬಾವಿ ಬೇಕು.

"ಎಲ್ಲಿ ತೋಡ್ಲಿ ಹೇಳ್ರಿ ವಕೀಲರ? ನೀರಂತ ತೋಡಿದ್ರ ಇಷಾ ಸಿಕ್ರ ಹ್ಯಾಂಗ? ಕುರಿ ಮೂಕ ಜಾತಿ, ಕೊಟ್ಟಿದ್ದ ಕುಡಿತಾವ. ನನಗ ಯಾರ ಮ್ಯಾಲೂ ಸಿಟ್ಟಿಲ್ರಿ, ಎಲ್ಲಿ ಹೂತೀವಿ ಅಂತ ಅಷ್ಟ ಹೇಳ್ಲಿ."

ಕಾರ್ಖಾನೆಯ ಈಗಿನ ಮಾಲಕರ ಮೇಲೆ ಅರ್ಜಿ ಹಾಕಿದೆ, ಆದರೆ ಅಷ್ಟನ್ನು ಹೇಳಿಸುವುದೇ ಭಗೀರಥ ಪ್ರಯತ್ನವಾಯಿತು. ನಾವು ಕೊಂಡದ್ದು ಶೆಡ್ಡು ಮತ್ತು ಯಂತ್ರ, ಗುಂಡಿಯ ವಿಚಾರ ನಮಗೆ ತಿಳಿಯದು ಎಂದರು ಎದುರು ವಕೀಲರು. ಅವರ ಪಕ್ಕದಲ್ಲಿ, ಎಲ್ಲ ಮಾಲಕರ ಕೈಕೆಳಗೂ ದುಡಿದ ಮ್ಯಾನೇಜರ್ ಸೂರ್ಯಕಾಂತ ನೆಲ ನೋಡುತ್ತ ಕುಳಿತಿದ್ದರು. ಅವರಿಗೆ ಜಾಗ ಗೊತ್ತಿದೆಯೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ತೋರಿಸಿದರೆ ಒಪ್ಪಿಕೊಂಡಂತೆ, ಒಪ್ಪಿಕೊಂಡರೆ ಹೊಣೆ ಕೊರಳಿಗೆ ಬಿದ್ದಂತೆ, ಗೊತ್ತಿಲ್ಲವೆಂದರೆ ಬಚಾವು. ನಾನೇ ಅವರ ವಕೀಲಳಾಗಿದ್ದರೂ ತುಟಿ ಬಿಚ್ಚಬೇಡಿ ಎಂದೇ ಹೇಳುತ್ತಿದ್ದೆನೇನೋ.

ಅಂದು ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಈ ಗುಂಡಿಯ ಗುರುತೇ ಒಂದು ತಲೆಮಾರಿಗೆ ಅಳಿಸಿಹೋದರೆ ಹೂತಿಡುವ ಅಣುಕಸದ ಗತಿಯೇನು ಎಂದು ಯೋಚಿಸಿದೆ. ಅದರಲ್ಲಿರುವ ಪ್ಲುಟೋನಿಯಂ ಇಪ್ಪತ್ನಾಲ್ಕು ಸಾವಿರ ವರ್ಷ ಕಳೆದರೂ ಅರ್ಧದಷ್ಟೇ ಕುಂದುತ್ತದಂತೆ. ಕಾನೂನಾದರೋ ಪರಿಹಾರ ಕೇಳುವುದಕ್ಕೆ ಹತ್ತು ವರ್ಷ, ಇಪ್ಪತ್ತು ವರ್ಷ ಎಂದು ಗಡುವು ಹಾಕಿ ಕೈತೊಳೆದುಕೊಳ್ಳುತ್ತದೆ. ಸಾವಿರ ವರ್ಷವೂ ತುಂಬದ ನಮ್ಮ ಕಲ್ಯಾಣದ ಚಾಲುಕ್ಯರ ಅರಮನೆ ಎಲ್ಲಿತ್ತೆಂದು ಕೇಳಿದರೆ ನಾವು ಊರವರೇ ತಲೆ ಕೆರೆದುಕೊಳ್ಳುತ್ತೇವೆ. ಅಂಥದ್ದರಲ್ಲಿ ಇಪ್ಪತ್ನಾಲ್ಕು ಸಾವಿರ ವರ್ಷದ ಬಳಿಕ ಯಾರ ಹೆಸರಿಗೆ ಸಮನ್ಸ್ ಕಳಿಸುವುದು, ಯಾವ ಭಾಷೆಯಲ್ಲಿ ಬರೆಯುವುದು? ಕಂಪನಿ ಇರುವುದಿಲ್ಲ, ಸರಕಾರ ಇರುವುದಿಲ್ಲ, ಗುಂಡಿ ಮಾತ್ರ ಇರುತ್ತದೆ. ಹುಟ್ಟದ ಮಕ್ಕಳ ಪರವಾಗಿ ವಕಾಲತ್ತು ಹಾಕುವವರು ಯಾರು?

ಮನೆಗೆ ಬಂದರೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು; ಮಸ್ತಾನ್ ಮತ್ತೆ ಕಲ್ಲಿನ ಮಾತು ತೆಗೆದಿದ್ದನಂತೆ. "ನಾ ಅವಗ ಹೇಳೀನಿ ನೋಡು, ತೋರ್ಸಿದಂವ ಪಾರು, ಮುಚ್ಚಿಟ್ಟಂವ ಹೊಣೆ ಅಂತ" ಎಂದರು. ನೂರು ಸಲ ಕೇಳಿದ ಮಾತೇ. ಆದರೆ ಅಂದು, ಊಟಕ್ಕೆ ಕುಳಿತಿದ್ದ ನನ್ನ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ನಮ್ಮ ಕೋರ್ಟಿನಲ್ಲಿ ನಡೆಯುತ್ತಿದ್ದುದು ಇದರ ತದ್ವಿರುದ್ಧವಾಗಿತ್ತು: ಮುಚ್ಚಿಟ್ಟವನು ಪಾರು, ತೋರಿಸಿದವನು ಹೊಣೆ. ಯಾರು ತಾನೇ ತೋರಿಸಿಯಾರು?

ಮುಂದಿನ ರಾಜಿ ಮಾತುಕತೆಯಲ್ಲಿ, ಮಾಳಮ್ಮನ ಒಪ್ಪಿಗೆ ಪಡೆದು, ಈ ಮಾತು ಮುಂದಿಟ್ಟೆ. ಜಾಗ ತೋರಿಸಿದರೆ ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಮಾಳಮ್ಮ ಪರಿಹಾರದ ದಾವೆ ಹೂಡುವುದಿಲ್ಲ. ಆದರೆ ಗುಂಡಿಯ ಕಾವಲು ಕಾರ್ಖಾನೆಯದು. ಸೋರಿದರೆ, ಆಗ ಕಾರ್ಖಾನೆ ಯಾರ ಕೈಯಲ್ಲಿದೆಯೋ ಅವರ ಹೊಣೆ. ಮಾರಿದರೆ, ಕೊಂಡವರನ್ನು ಹೊಲಕ್ಕೆ ಕರೆತಂದು ಮಾಳಮ್ಮನ ಮನೆಯವರೆದುರು ಗುಂಡಿಯ ಬಾಯಿ ತೋರಿಸಿದ ಮೇಲಷ್ಟೇ ಹಿಂದಿನವರ ಬಿಡುಗಡೆ. ಎದುರು ವಕೀಲರು ನಕ್ಕುಬಿಟ್ಟರು. ಇದು ಯಾವ ಕಾನೂನಿನಲ್ಲಿದೆ ಎಂದರು.

ಸೂರ್ಯಕಾಂತ ನಗಲಿಲ್ಲ. "ನಮ್ಮ ಮನ್ಯಾಗೂ ಹಗೇವು ಇತ್ರಿ" ಎಂದರು ಮೆಲ್ಲಗೆ. "ನಮ್ಮಪ್ಪ ಮನಿ ಮಾರೂ ಮುಂದ ಬಾಯಿ ತೋರ್ಸೇ ಕೀಲಿ ಕೊಟ್ಟಾನ. ನಾ ಎದುರಿಗೇ ಇದ್ದೆ. ಮಾಲಕರಿಗೆ ನಾ ತಿಳಿಸಿ ಹೇಳ್ತೀನ್ರಿ."

ಮಾಲಕರು ಮೀನಮೇಷ ಎಣಿಸಿದರು, ಕೊನೆಗೆ ಒಪ್ಪಿದರು. ಒಂದು ಮುಂಜಾನೆ ನಾವೆಲ್ಲ ಹೊಲದಲ್ಲಿ ಸೇರಿದೆವು. ಸೂರ್ಯಕಾಂತ ಬೇವಿನ ಮರದಿಂದ ಪಡುವಲಿಗೆ ನಡೆದು, ನಿಂತು, ಮತ್ತೆ ನಾಲ್ಕು ಹೆಜ್ಜೆ ಹಿಂದೆ ಬಂದು, ಕಾಲಿನಿಂದ ನೆಲ ಒದ್ದು ಹೇಳಿದರು: "ಬಾಯಿ ಇಲ್ಲಿ ಅದ ಯವ್ವಾ, ನೋಡ್ಕೋ." ಮಾಳಮ್ಮ ಒಂದು ಕಲ್ಲು ತಂದು ಅಲ್ಲಿಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನ ಉಳಿದಿದ್ದೆಲ್ಲಾ ನನ್ನ ಹೊಲಾನೇ ಆತಲ್ರಿ" ಎಂದರು.

ಹೊಲದ ಮೇಲ್ದಂಡೆಯಲ್ಲಿ ಬಾವಿ ತೋಡಿದರು, ನೀರು ಬಿತ್ತು, ಪರೀಕ್ಷೆಯಲ್ಲಿ ಶುದ್ಧವೆಂದೂ ಬಂತು. ಗುಂಡಿಯ ಸುತ್ತ ಬೇಲಿ ಬಿದ್ದಿದೆ. ಕಸವೇನೂ ಮಾಯವಾಗಿಲ್ಲ, ನನಗೆ ಆ ಭ್ರಮೆ ಇಲ್ಲ. ಇಪ್ಪತ್ನಾಲ್ಕು ಸಾವಿರ ವರ್ಷ ಬಾಳುವ ಕಾನೂನನ್ನು ಯಾರೂ ಬರೆಯಲಾರರು. ಆದರೆ ಒಬ್ಬರು ಮುಂದಿನವರಿಗೆ ತೋರಿಸಿದರೆ, ಅವರು ತಮ್ಮ ಮುಂದಿನವರಿಗೆ ತೋರಿಸಿದರೆ, ಯಾರ ಪಾಲಿಗೂ ಒಂದು ಆಯುಷ್ಯಕ್ಕಿಂತ ಹೆಚ್ಚಿನ ಭಾರ ಬೀಳುವುದಿಲ್ಲ. ಅಷ್ಟನ್ನು ಮನುಷ್ಯರು ಹೊರಬಲ್ಲರು ಎಂದು ನಾನು ನಂಬುತ್ತೇನೆ.

ಮಸ್ತಾನನಿಗೆ ಕಲ್ಲು ಮುಚ್ಚಬೇಡ, ಸುತ್ತಲೂ ಹಳದಿ ಟೈಲ್ಸಿನ ಅಂಚು ಕಟ್ಟು ಎಂದೆ. ಕಟ್ಟಿ ಮುಗಿಸಿ, ಹಿಂದೆ ಸರಿದು ನಿಂತು ನೋಡಿದ. "ಈಗ ಬಂಗಾರದ ಹಲ್ಲು ಕಟ್ಟಿಸಿದಂಗ ಆಯ್ತು ಬಿಡ್ರಿ" ಎಂದ. ಅತ್ತೆ ಬೊಚ್ಚುಬಾಯಿ ತುಂಬ ನಕ್ಕರು.

ನೀವೂ ಒಮ್ಮೆ ಬನ್ನಿ. ಕಲ್ಲೆತ್ತಿ, ಕಂದೀಲು ಇಳಿಸಿ, ಬಾಯಿ ತೋರಿಸುತ್ತೇನೆ. ಚಹಾ ಆಮೇಲೆ.