ಪ್ರಳಯದ ಚಿತ್ರಕ್ಕೊಂದು ಕೂಸು

ವರದಿಗಾರನಾಗಿ ನಾನು ಜಗತ್ತಿನ ಅಂತ್ಯದ ಬಗ್ಗೆ ಒಂದೇ ಒಂದು ಸುದ್ದಿ ಕಳಿಸಿದ್ದೇನೆ. ಸ್ಥಳಾಭಾವದಿಂದ ಅದು ಅಚ್ಚಾಗಲಿಲ್ಲ. ಆ ಜಾಗದಲ್ಲಿ ಹತ್ತಿಯ ಪೇಟೆ ಧಾರಣೆ ಬಂದಿತ್ತು. ಸಂಪಾದಕರದು ತಪ್ಪೆಂದು ಇಂದಿಗೂ ಹೇಳಲಾರೆ.

ಜಗತ್ತು ಮುಗಿದ ಮೇಲಿನ ಕತೆಗಳೆಂದರೆ ನನಗೆ ಮೊದಲಿನಿಂದಲೂ ಚಪಲ. ಹುಬ್ಬಳ್ಳಿಯ ಹಳೆ ಪುಸ್ತಕದಂಗಡಿಯಿಂದ ಇಂಗ್ಲಿಷ್ ಕಾಮಿಕ್ಸ್ ತಂದು, ಮೇಲೊಂದು ಗಂಭೀರವಾದ ಪತ್ರಿಕೆ ಹೊದಿಸಿ ಓದುತ್ತಿದ್ದೆ. ಅವುಗಳಲ್ಲಿ ಪ್ರಪಂಚ ಸುಟ್ಟ ಮರುದಿನವೇ ಉಳಿದವರ ಕೋಟು ಹರಿದಿರುತ್ತದೆ. ಕ್ರಾಪು ಮಾತ್ರ ಕೆಟ್ಟಿರುವುದಿಲ್ಲ. ಎಲ್ಲರೂ ಡಬ್ಬಿಯ ಊಟಕ್ಕಾಗಿ ಬಡಿದಾಡುತ್ತಾರೆ. ಒಬ್ಬನೂ ಹಿಡಿ ಜೋಳ ಬಿತ್ತುವುದಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಕಲಘಟಗಿಯ ತಂಬು ಟಾಕೀಸಿಗೆ ಅಂಥದೇ ಒಂದು ಚಿತ್ರ ಬರುವುದಿತ್ತು. ಮಾಲೀಕ ಖಾದರಸಾಬರ ಸ್ಥಿತಿ ನಾಜೂಕಾಗಿತ್ತು. ಹಿಂದಿನ ವಾರ ರೀಲು ಪದೇಪದೇ ಹರಿದು, ಸಿಟ್ಟಿಗೆದ್ದ ಜನ ಬೆಂಚು ಮುರಿದಿದ್ದರು. ಇನ್ನೊಂದು ಗದ್ದಲವಾದರೆ ತಂಬು ಕೀಳಬೇಕೆಂದು ಜಾಗ ಕೊಟ್ಟ ಗೌಡರು ಹೇಳಿಬಿಟ್ಟಿದ್ದರು. ಜಾಹೀರಾತಿನ ಬೋರ್ಡಿಗಾಗಿ ಸಾಬರು ತೊಟ್ಟಿಲಿಗೆ ಚಿತ್ರ ಬರೆಯುವ ಮಾನಪ್ಪನ ಹತ್ತಿರ ಹೋದಾಗ ನಾನೂ ಜತೆಗಿದ್ದೆ.

“ಜಗತ್ತೆಲ್ಲ ಹಾಳಾದಮ್ಯಾಲಿನ ಕತಿ ಐತಿ ಮಾನಪ್ಪಣ್ಣ. ಚಲೋ ಬರಕೊಡು.”

“ಆಮ್ಯಾಲೆ ಉಳದಾವ್ರು ಯಾರು?” ಎಂದ ಮಾನಪ್ಪ.

“ನನಗೇನ್ ಗೊತ್ತು? ರೀಲಿನ ಪೆಟಗಿ ಇನ್ನೂ ಹುಬ್ಬಳ್ಳ್ಯಾಗ ಐತಿ.”

“ನನಗ ಗೊತ್ತೈತಿ ಬಿಡು.”

ಗೊತ್ತಿತ್ತು, ನಿಜ. ಪ್ರಳಯದ ನೀರಿನಲ್ಲಿ ಈಸಿ ಸುಸ್ತಾದ ಪುರಾಣದ ಋಷಿಗೆ ಕಂಡದ್ದು ಆಲದೆಲೆಯ ಮೇಲೆ ಕಾಲ್ಬೆರಳು ಚೀಪುತ್ತ ಮಲಗಿದ ಕೂಸು. ತೊಟ್ಟಿಲ ಹಲಗೆಯ ಮೇಲೆ ಮಾನಪ್ಪ ಅದನ್ನು ಕಣ್ಣುಮುಚ್ಚಿ ಬರೆಯಬಲ್ಲವನಾಗಿದ್ದ. ಹೆತ್ತ ಮಗುವನ್ನು ಪ್ರಳಯದ ನಡುವೆ ಮಲಗಿಸಿ ಜೋಗುಳ ಹಾಡುವ ಊರು ಅದು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಂಡಿರಲಿಲ್ಲ.

ಬೋರ್ಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿತು: ಕಪ್ಪು ನೀರು, ಹಸಿರು ಎಲೆ, ಗುಂಡಗಿನ ಕೂಸು. ಶನಿವಾರ ಸಂಜೆಯ ಮೊದಲ ಆಟಕ್ಕೆ ಊರ ಮುದುಕಿಯರೆಲ್ಲ ಮಿಂದು, ಕಾಯಿ ಹಿಡಿದು ಬಂದರು. ಸಾಬರು ಪೆಟ್ಟಿಗೆ ಬಿಚ್ಚಿದ್ದು ಆಗಲೇ.

ಪರದೆಯ ಮೇಲೆ ಸುಟ್ಟ ಶಹರ. ಮುಖಕ್ಕೆ ರಬ್ಬರಿನ ಸೊಂಡಿಲು ಕಟ್ಟಿಕೊಂಡ ಗಂಡಸರು ಓಡಾಡುತ್ತಿದ್ದರು. ಸೊಂಡಿಲು ಕಂಡು ಕೆಲವರು ಕೈಮುಗಿದರು. ಇಂಗ್ಲಿಷ್ ಮಾತು ಯಾರಿಗೂ ತಿಳಿಯಲಿಲ್ಲ. ತಿಳಿದ ನನಗೂ ಹೆಚ್ಚಿನ ಲಾಭವಾಗಲಿಲ್ಲ.

“ಹೊಲ ಹಂಗ ಬಿದ್ದಾವ. ಬಿತ್ತೂದು ಬಿಟ್ಟು ಡಬ್ಬಿ ಸಲುವಾಗಿ ಹೊಡದಾಡ್ತಾರ ನೋಡ್ರಿ,” ಎಂದ ನನ್ನ ಪಕ್ಕದಲ್ಲಿದ್ದ ದುಮ್ಮವಾಡದ ರೈತ.

“ಕೂಸೆಲ್ಲೈತಲೇ?” ಎಂದು ಮುಂದಿನ ಸಾಲಿನ ಗಂಗವ್ವ ಮಗನನ್ನು ಕೇಳಿದಳು.

“ಸುಮ್ನ ಕುಂದರು ಬೇ. ಕಡೀಕ ಬರತೈತಿ.”

ಬರಲಿಲ್ಲ. ಕೊನೆಯ ಮನುಷ್ಯನೂ ಉಸುಕಿನಲ್ಲಿ ಕುಸಿದ. ರೀಲು ಮುಗಿದು ಪರದೆ ಬೆಳ್ಳಗಾಯಿತು. ಯಾರೂ ಏಳಲಿಲ್ಲ.

“ಸಾಬರ, ಕೂಸು ತೋರಸ್ರಿ. ನಾವು ಕುಂತೇವಿ,” ಎಂದಳು ಗಂಗವ್ವ.

ಹಿಂದೆ ಬೆಂಚೊಂದು ಲಟಕ್ಕೆಂದಿತು. ಗೌಡರು ಕುರ್ಚಿಯಿಂದ ಎದ್ದರು. ಮಷಿನಿನ ಪಕ್ಕ ನಿಂತಿದ್ದ ಸಾಬರಿಗೆ ದೀಪ ಆರಿಸುವುದೂ ಮರೆತುಹೋಗಿತ್ತು.

ಆ ಸದ್ದಿಗೆ ಎಚ್ಚೆತ್ತ ಹಸುಗೂಸೊಂದು ಅಳತೊಡಗಿತು. ತಾಯಿ ಎದ್ದು ನಿಂತು ಅದನ್ನು ತಲೆಯ ಮೇಲಕ್ಕೆತ್ತಿ ಆಡಿಸಿದಳು. ಮಷಿನಿನ ಬೆಳಕಿಗೆ ಅಡ್ಡಬಂದ ಅದರ ನೆರಳು ಪರದೆ ತುಂಬ ಬಿತ್ತು: ದೊಡ್ಡ ತಲೆ, ಬಿಗಿದ ಮುಷ್ಟಿ, ಗಾಳಿಯನ್ನು ಒದೆಯುವ ಎರಡು ಕಾಲು.

“ಬಂತ ನೋಡು,” ಎಂದಳು ಗಂಗವ್ವ.

ತಂಬಿಗೆ ತಂಬೇ ಕೈಮುಗಿಯಿತು. ಕಾಯಿ ಒಡೆದವು. ಗೌಡರೂ ಚಪ್ಪಲಿ ಬಿಟ್ಟು ಒಂದು ಚೂರು ಕೊಬ್ಬರಿ ಇಸಿದುಕೊಂಡರು. ನಾನು ವರದಿಯಲ್ಲಿ ‘ಚಿತ್ರ ಸುಖಾಂತ’ ಎಂದು ಬರೆದೆ. ಕಂಡದ್ದನ್ನಷ್ಟೇ ಬರೆಯಬೇಕೆಂಬುದು ನಮ್ಮ ವೃತ್ತಿಯ ನಿಯಮ.

ಮರುದಿನ ಹೊತ್ತು ಮೀರಿದರೂ ಆಟ ಶುರುವಾಗಲಿಲ್ಲ. ತಂಬು ತುಂಬಿತ್ತು. ಸಾಬರು ಮಾತ್ರ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಕರೆಂಟು ಹೋಯಿತೇ ಎಂದು ಕೇಳಿದೆ.

“ಕರೆಂಟ್ ಐತ್ರಿ. ಇವತ್ತ ಇನ್ನೂ ಯಾರೂ ಕೂಸು ತಂದಿಲ್ಲ,” ಎಂದರು. “ಒಂದರ ಬರ್ಲಿ. ಅಲ್ಲೀತನಕ ಜಗತ್ತು ಹೆಂಗ ಮುಗಸೂದ್ರಿ?”