ಮುಟ್ಟಬೇಡಿ ಎಂದ ಹೊಟ್ಟೆ

೨೦೦೯ರಲ್ಲಿ ನಾನು ಪುಣೆಯ ಆಸ್ಪತ್ರೆಯೊಂದರಲ್ಲಿ ರಕ್ತನಾಳಗಳ ಶಸ್ತ್ರವೈದ್ಯನಾಗಿದ್ದೆ. ಹುಟ್ಟೂರು ಗಡಿಯಲ್ಲಿ ಕನ್ನಡ ಆಡುವ ಜತ್ತ ತಾಲ್ಲೂಕಿನದಾದ್ದರಿಂದ ತಿಂಗಳಿಗೊಮ್ಮೆ ಅಲ್ಲಿಯ ಸಂಖಕ್ಕೆ ಬಂದು ರೋಗಿಗಳನ್ನು ನೋಡುತ್ತಿದ್ದೆ. ದಿನವಿಡೀ ಮರಾಠಿ ಆಡಿ ದಣಿದ ನಾಲಿಗೆಗೂ ಅದೊಂದು ಸುಖ.

ಹಾಗೆ ಬಂದವರು ಕರಜಗಿಯ ಬಡೇಸಾಬ, ಗಾದಿ ಹೊಲಿಯುವವರು. ಜೊತೆಗೆ ಹೆಂಡತಿ ಖಾತೂನಬಿ. ಗಂಡನಿಗೆ ಬಟ್ಟಿ ಸರಿದಿದೆ, ಎಷ್ಟು ತಿಕ್ಕಿದರೂ ಕೂಡುತ್ತಿಲ್ಲ ಎಂಬುದು ಆಕೆಯ ದೂರು. ಹೊಟ್ಟೆ ನೋವಾದರೆ, ಹೊಕ್ಕುಳ ಬಳಿಯ ಮಿಡಿತ ಜಾಗ ಬಿಟ್ಟಿದೆ ಎಂದು ನಮ್ಮ ಕಡೆ ಎಣ್ಣೆ ಹಚ್ಚಿ ತಿಕ್ಕಿ ನಡುವಿಗೆ ತರುತ್ತಾರೆ. ಊರಿಗೆಲ್ಲ ಬಟ್ಟಿ ಕೂಡಿಸುವವರು ಖಾತೂನಬಿಯೇ. ನಾನು ಕೈಯಿಟ್ಟು ನೋಡಿದೆ. ಮಿಡಿತ ಮುಷ್ಟಿಗಿಂತ ದೊಡ್ಡದಿತ್ತು. ಹೃದಯದಿಂದ ಇಳಿಯುವ ಮಹಾಪಧಮನಿಯ ಗೋಡೆ ಸಡಿಲಾಗಿ ಉಬ್ಬಿತ್ತು. ಇದಕ್ಕೆ ಅನ್ಯೂರಿಸಂ ಎನ್ನುತ್ತೇವೆ. ಒಡೆದರೆ ಬದುಕುವವರು ಕಡಿಮೆ. ಸಿಟ್ಟು ನೆತ್ತಿಗೇರಿತು. ಇನ್ನು ಈ ಹೊಟ್ಟೆಗೆ ಕೈ ಹಚ್ಚಕೂಡದು ಎಂದು ಗದರಿಸಿದೆ. ಆಕೆ ತಲೆಯಾಡಿಸಿದರು.

ವರ್ಷಾನುಗಟ್ಟಲೆ ಹತ್ತಿಯ ಧೂಳು ಕುಡಿದ ಬಡೇಸಾಬರ ಪುಪ್ಪುಸ ಹೊಟ್ಟೆ ಕೊಯ್ಯುವ ಶಸ್ತ್ರಕ್ರಿಯೆ ತಾಳುವಂತಿರಲಿಲ್ಲ. ತೊಡೆಯ ರಕ್ತನಾಳದ ಮೂಲಕ ಗ್ರಾಫ್ಟ್, ಅಂದರೆ ಬಟ್ಟೆಯ ಕೊಳವೆ, ಒಳಗೆ ಕೂರಿಸಬೇಕು. ಕಿಡ್ನಿಗೆ ಹೋಗುವ ಕವಲುಗಳು ಉಬ್ಬಿಗೆ ತಾಗಿಯೇ ಇದ್ದುದರಿಂದ, ಅವುಗಳಿಗೆ ರಕ್ತ ನಿಲ್ಲದಂತೆ ಕೊಳವೆಗೆ ಅಲ್ಲಲ್ಲೇ ತೂತು ಬೇಕು. ಅಳತೆ ಕೊಟ್ಟು ಹೊರದೇಶದಲ್ಲಿ ಹೊಲಿಸಬೇಕು, ವಾರಗಟ್ಟಲೆ ಕಾಯಬೇಕು ಎಂದೆ. ಬಡೇಸಾಬ ನಕ್ಕರು.

"ಅಳತಿ ಚಲೋ ತಗೋರಿ ಸಾಹೇಬ್ರ. ಗಾದಿ ಆದ್ರ ಬಿಚ್ಚಿ ಹೊಲೀಬಹುದು."

ಗ್ರಾಫ್ಟ್ ಬಂತು. ಪುಣೆಯಲ್ಲಿ ಅದನ್ನು ಒಳಗೆ ಸೇರಿಸಿ, ಒಂದೊಂದು ತೂತಿನಿಂದ ಎದುರಿನ ಕವಲಿಗೆ ತಂತಿ ತೂರಿಸತೊಡಗಿದೆ. ಬಲ ಕಿಡ್ನಿಯ ಕವಲು ಬೇಗ ಸಿಕ್ಕಿತು. ಎಡದ್ದು ಮೇಲ್ಮುಖವಾಗಿ ತಿರುಚಿಕೊಂಡಿತ್ತು. ತಂತಿಗೆ ದಾರಿ ತೋರುವ ಸಣ್ಣ ನಳಿಕೆ ಕ್ಯಾಥೆಟರ್; ಸಾಧಾರಣ ಕ್ಯಾಥೆಟರಿನ ತುದಿಯ ಬಾಗು ತಯಾರಿಸುವಾಗಲೇ ನಿಶ್ಚಿತ. ಪ್ರತಿ ಸಲವೂ ಜಾರಿತು. ಕಡೆಗೆ ಹೃದ್ರೋಗ ವಿಭಾಗದಿಂದ ಸ್ಟಿಯರೇಬಲ್ ಕ್ಯಾಥೆಟರ್ ತರಿಸಿದೆ. ಅದರ ಹಿಡಿಕೆ ತಿರುಗಿಸಿದರೆ ಒಳಗಿನ ತುದಿ ಬೇಕಾದತ್ತ ಬಾಗುತ್ತದೆ. ತಿರುಗಿಸಿದೆ. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ತಂತಿ ಕವಲಿನೊಳಗೆ ಹೋಯಿತು. ಎರಡೂ ಕಿಡ್ನಿಗಳಿಗೆ ರಕ್ತ ಹರಿಯುವುದು ಪರದೆಯ ಮೇಲೆ ಕಂಡಾಗ ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಬ್ಬಿನ ಗೋಡೆಗೆ ಅಂಟಿದ್ದ ಹೆಪ್ಪುರಕ್ತದ ಚೂರುಗಳು ಕಳಚಿ ಕರುಳಿನ ನಾಳಗಳನ್ನು ಮುಚ್ಚಿದ್ದವು. ಈ ಚಿಕಿತ್ಸೆಯಲ್ಲಿ ಅದು ತಿಳಿದಿರುವ ಅಪಾಯ, ತಿಳಿದೂ ತಡೆಯಲಾಗದ್ದು. ಮೂರನೆಯ ದಿನ ಬಡೇಸಾಬ ತೀರಿಕೊಂಡರು.

ಖಾತೂನಬಿಗೆ ನಾನೇ ಹೇಳಿದೆ. ತಾನು ತಿಕ್ಕಿದ್ದರಿಂದಲೇ ಹೀಗಾಯಿತೇ ಎಂದು ಕೇಳುತ್ತಾರೆಂದುಕೊಂಡು ಉತ್ತರ ಸಿದ್ಧಮಾಡಿಕೊಂಡಿದ್ದೆ. ಆಕೆ ಅದನ್ನು ಕೇಳಲಿಲ್ಲ. ತಮ್ಮ ಅಂಗೈ ನೋಡಿಕೊಳ್ಳುತ್ತ ಅಂದರು:

"ಬ್ಯಾನಿ ಬಂದಾಗೆಲ್ಲ, ಒಮ್ಮೆ ಕೈ ಆಡ್ಸ ಅಂತಿದ್ರು. ಸಾಹೇಬ್ರು ಬ್ಯಾಡ ಅಂದಾರಂತ ನಾ ದೂರ ಕುಂದರ್ತಿದ್ನಿ. ಹೊಟ್ಟಿ ಅಷ್ಟ ಅಲ್ರಿ, ಅವರನ್ನ ಮುಟ್ಟೂದ ಬಿಟ್ಟಿದ್ನಿ."

ಅಷ್ಟು ವಾರ ಆಕೆ ಗಂಡನ ಮಗ್ಗುಲಲ್ಲೇ ಕೈಕಟ್ಟಿ ಕುಳಿತಿದ್ದರು, ನನ್ನ ಮಾತಿನಂತೆ ಅವರನ್ನು ಉಳಿಸಿಕೊಳ್ಳಲು.

ಆ ನಿಷೇಧ ಸರಿಯಾಗಿಯೇ ಇತ್ತು. ನಿವೃತ್ತನಾಗುವವರೆಗೂ ಅಂಥ ರೋಗಿಗಳ ಮನೆಯವರಿಗೆ ಅದನ್ನೇ ಹೇಳಿದೆ. ಆದರೆ ಅಲ್ಲಿಗೆ ಮಾತು ನಿಲ್ಲಿಸುತ್ತಿರಲಿಲ್ಲ. ಹೊಟ್ಟೆ ಬೇಡ, ಪಾದ ಒತ್ತಿ, ತಲೆ ಸವರಿ, ಕೈ ಹಿಡಿದು ಹತ್ತಿರ ಕುಳಿತುಕೊಳ್ಳಿ ಎನ್ನುತ್ತಿದ್ದೆ. ಖಾತೂನಬಿಗೆ ಇದನ್ನು ಯಾರೂ ಹೇಳಿರಲಿಲ್ಲ.