ತಲೆಯಾಡಿಸುವವರ ನಡುವೆ ನೋರಾ

ಕಳೆದ ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಬಟ್ಟೆ ಒಣಗಿಸುವ ಡ್ರೈಯರನ್ನು ಸರಿಸಿ ಹಿಂದಿನ ಧೂಳು ಗುಡಿಸುತ್ತಿದ್ದೆ. ಪೊರಕೆಗೆ ಸಿಕ್ಕಿದ್ದು ಜೊತೆಯಿಲ್ಲದ ಒಂದು ಕಾಲುಚೀಲ, ಮತ್ತು ಮೂರು ಮೂಲೆಯ ಪುಟ್ಟ ಹಸಿರು ಪ್ಲಾಸ್ಟಿಕ್ ಚೂರು. ನಿಮಗೆ ಸಿಕ್ಕಿದ್ದರೆ ಯಾವುದೋ ಆಟಿಕೆಯ ತುಂಡೆಂದು ಕಸಕ್ಕೆ ಹಾಕುತ್ತಿದ್ದಿರಿ. ನಾನು ಅದನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡೆ. ಅದು ಗಿಟಾರ್ ಮೀಟುವ ಪಿಕ್ಕು, ಈ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ನೋರಾಳದು. ಅವಳು ಮಿಲ್ಟನ್ನಿನ ಈ ಮನೆ ಬಿಟ್ಟು ಎಷ್ಟೋ ವರ್ಷಗಳಾದವು. ಅಂದು ಮಧ್ಯಾಹ್ನವೇ ಟೊರಾಂಟೋದಲ್ಲಿ ಅವಳ ಕಾರ್ಯಕ್ರಮವಿತ್ತು, ನನಗೂ ನನ್ನ ಹೆಂಡತಿಗೂ ಕರೆ ಬಂದಿತ್ತು.

ನೋರಾ ಐರ್ಲೆಂಡಿನ ಕರಾವಳಿಯ ಹುಡುಗಿ. ತಾನೇ ಹಾಡು ಬರೆದು, ತಾನೇ ಧಾಟಿ ಹಾಕಿ, ತಾನೇ ಹಾಡುವವಳು. ರೆಕಾರ್ಡ್ ಕಂಪನಿಯಿಲ್ಲ, ಮ್ಯಾನೇಜರಿಲ್ಲ. ಊರಿನ ಪಬ್ಬುಗಳಲ್ಲಿ ಹಾಡುತ್ತ ಡಬ್ಲಿನ್‌ಗೆ ಹೋಗಿ, ಅಲ್ಲಿಂದ ವರ್ಕ್ ವೀಸಾ ಹಿಡಿದು ಇಲ್ಲಿಗೆ ಬಂದಿದ್ದಳು. ಹಗಲು ಬ್ರ್ಯಾಂಪ್ಟನ್ನಿನ ವೇರ್‌ಹೌಸಿನಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುವುದು, ಸಂಜೆ ಯಾರು ಕರೆದರೆ ಅಲ್ಲಿ ಹಾಡುವುದು. ತನ್ನ ಸೀಡಿಗಳನ್ನು ಹಳೆಯ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಾನೇ ಮಾರುತ್ತಿದ್ದಳು. ಒಮ್ಮೆ ನಾವು ಅವಳನ್ನು ಕೇಳಲೆಂದು ಒಂದು ಪಬ್ಬಿಗೆ ಹೋದೆವು. ಅವಳ ತಲೆಯ ಮೇಲೆ ದೊಡ್ಡ ಟೀವಿ, ಟೀವಿಯಲ್ಲಿ ಐಸ್ ಹಾಕಿ ಪಂದ್ಯ. ಹಾಡು ಮುಗಿದಾಗ ಇಡೀ ಪಬ್ಬಿನಲ್ಲಿ ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ಅದೇ ಹೊತ್ತಿಗೆ ಎದುರು ತಂಡ ಗೋಲು ಹೊಡೆದದ್ದರಿಂದ ಪಕ್ಕದ ಟೇಬಲ್ಲಿನವರು ನನ್ನನ್ನು ನುಂಗುವಂತೆ ನೋಡಿದರು.

ಆ ಚಳಿಗಾಲದಲ್ಲಿ ಅವಳ ಅಕ್ಕ ಊರಿನ ಬ್ಯಾಂಕಿನಲ್ಲಿ ಅವಳಿಗೊಂದು ಕೆಲಸ ನೋಡಿಟ್ಟು, ಬರುವುದಾದರೆ ಈಗಲೇ ಬಾ ಎಂದು ಹೇಳಿಕಳಿಸಿದ್ದಳು. ಹೋದರೆ ಹಾಡು ಅಲ್ಲಿಗೆ ಮುಗಿದಂತೆ. ನೋರಾ ಬಟ್ಟೆ ಒಗೆಯಲು ಹಾಕಿ, ಡ್ರೈಯರಿನ ಮೇಲೆ ಕೂತು, ಆ ಮಾತನ್ನೇ ಮೆಲುಕು ಹಾಕುತ್ತಿದ್ದಳು.

ಇನ್ನು ನನ್ನ ಸಂಗೀತಜ್ಞಾನದ ವಿಷಯ. ನಾನು ಬದುಕಿಡೀ ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಿದ ಎಂಜಿನಿಯರು. ನನ್ನ ಹೆಂಡತಿ ವತ್ಸಲ ಮೈಸೂರಿನವಳು. ತಿಂಗಳಿಗೊಂದು ಶನಿವಾರ ನಮ್ಮ ಲಿವಿಂಗ್ ರೂಮಿನಲ್ಲಿ ಜಮಖಾನ ಹಾಸಿ, ಉಪ್ಪಿಟ್ಟು ಕೇಸರಿಬಾತು ಮಾಡಿ, ಯಾರಿಂದಲಾದರೂ ಕಛೇರಿ ಮಾಡಿಸುತ್ತಾಳೆ. ಅವಳು ತಲೆದೂಗಿದಾಗ ನಾನೂ ತೂಗುತ್ತೇನೆ. ಅವಳು ‘ತ್ಚು ತ್ಚು’ ಎಂದು ಲೊಚಗುಟ್ಟಿದರೆ ಅರೆಗಳಿಗೆ ಬಿಟ್ಟು ನಾನೂ ಲೊಚಗುಟ್ಟುತ್ತೇನೆ. ಮದುವೆಯಾದಂದಿನಿಂದ ಹೀಗೆಯೇ ರಸಿಕನೆನಿಸಿಕೊಂಡು ಬಂದಿದ್ದೇನೆ.

ಒಂದು ಶನಿವಾರ ಒಟ್ಟಾವಾದಿಂದ ಬರಬೇಕಿದ್ದ ಗಾಯಕರು ಹಿಮದಲ್ಲಿ ಸಿಕ್ಕಿಕೊಂಡರು. ಇತ್ತ ಕೇಳುವವರೆಲ್ಲ ಬಂದು, ಬಾಗಿಲಲ್ಲಿ ಬೂಟುಗಳ ಗುಡ್ಡೆಯೇ ಬಿದ್ದಿತ್ತು. ವತ್ಸಲ ಬೇಸ್‌ಮೆಂಟಿನ ಮೆಟ್ಟಿಲಲ್ಲಿ ನಿಂತು ಕೂಗಿದಳು: “ನೋರಾ, ಕಮ್ ಅಪ್ ಅಂಡ್ ಸಿಂಗ್ ಮ್ಮಾ. ಉಪ್ಪಿಟ್ಟು ಈಸ್ ರೆಡಿ.”

ನೋರಾ ಜಮಖಾನದ ಮೇಲೆ ಚಕ್ಕಳಮಕ್ಕಳ ಕೂತು ಹಾಡತೊಡಗಿದಳು. ಎರಡನೆಯದು ಅವಳ ಅಪ್ಪನ ಹಾಡು. ಅಪ್ಪ ಮೀನು ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ, ಆದರೂ ಪ್ರತಿ ವಸಂತದಲ್ಲಿ ದೋಣಿಗೆ ಹೊಸದಾಗಿ ಬಣ್ಣ ಬಳಿಯುತ್ತಾನೆ. ಅಷ್ಟೇ ಕಥೆ. ನಮ್ಮವರು ಕರಗಿಹೋದರು. ಎಲ್ಲರ ತಲೆ ಎಡಕ್ಕೂ ಬಲಕ್ಕೂ ತೂಗತೊಡಗಿತು. ನಾಲ್ಕೂ ದಿಕ್ಕಿನಿಂದ ‘ತ್ಚು, ತ್ಚು’. ಧಾರವಾಡದ ಡಾಕ್ಟರ್ ಪಾಟೀಲರಂತೂ ಕಣ್ಣು ಮುಚ್ಚಿ, ಹಲ್ಲುನೋವಿನವರಂತೆ ಮುಖ ಹಿಂಡಿ, ತೊಡೆ ಬಡಿದುಕೊಂಡರು. ನೋರಾಳ ದನಿ ಸಣ್ಣದಾಗುತ್ತ ಬಂತು. ಆ ಹಾಡು ಮುಗಿದದ್ದೇ ಎದ್ದು, ಥ್ಯಾಂಕ್ಯೂ ಎಂದು ಕೆಳಗಿಳಿದುಬಿಟ್ಟಳು.

ನಾವಿಬ್ಬರೂ ಉಪ್ಪಿಟ್ಟಿನ ತಟ್ಟೆ ಹಿಡಿದು ಹಿಂದೆಯೇ ಹೋದೆವು. ಅವಳು ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತಿದ್ದಳು.

“ಪಬ್ಬಿನಲ್ಲಿ ಯಾರೂ ಕೇಳುತ್ತಿರಲಿಲ್ಲ, ಅದಾದರೂ ಸರಿ,” ಎಂದಳು ತನ್ನ ಇಂಗ್ಲಿಷಿನಲ್ಲಿ. “ಇಲ್ಲಿ ಎಲ್ಲರೂ ಮನಸ್ಸಿಟ್ಟು ಕೇಳಿ, ಬೇಡ ಬೇಡ ಅಂತ ತಲೆಯಾಡಿಸಿದರು. ಅಕ್ಕನಿಗೆ ಬರುತ್ತೇನೆ ಅಂತ ಹೇಳಿಬಿಡುತ್ತೇನೆ.”

ವತ್ಸಲ ಅವಳನ್ನೇ ನೋಡಿದಳು. ಆಮೇಲೆ ನಗು ತಡೆಯಲಾರದೆ ಡ್ರೈಯರಿಗೆ ಒರಗಿದಳು. “ಅಯ್ಯೋ ಪೆದ್ದಿ, ಚೆನ್ನಾಗಿದ್ರೇನೇ ನಾವು ಹಾಗೆ ಮಾಡೋದು. ನೆಟ್ಟಗೆ ಕಂಬದ ಹಾಗೆ ಕೂತ್ರೆ ಆಗ ಹೆದರ್ಕೋಬೇಕು. ರೀ, ಇವಳಿಗೆ ಹೇಳ್ರೀ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಂಬಲಿಲ್ಲ. ಅಷ್ಟರಲ್ಲಿ ಪಾಟೀಲರು ಮೆಟ್ಟಿಲಿಳಿದು ಬಂದರು. “ಯಾಕವ್ವಾ, ನಡುವ ಎದ್ದು ಬಂದಿ? ಆ ದೋಣಿ ಹಾಡಿನ್ಯಾಗ ನಮ್ಮಪ್ಪನ್ನ ಕಂಡಂಗಾತು. ಇನ್ನೊಮ್ಮೆ ಹಾಡವ್ವಾ.” ಕನ್ನಡ ಅವಳಿಗೆ ತಿಳಿಯದು, ಆದರೆ ಅವರ ಕಣ್ಣು ಒದ್ದೆಯಾಗಿದ್ದದ್ದು ಕಂಡಿತು. ಅವಳು ಪೆಟ್ಟಿಗೆ ಮತ್ತೆ ತೆರೆದಳು. ಪಿಕ್ಕು ಆ ಗಡಿಬಿಡಿಯಲ್ಲೇ ಬಿದ್ದಿರಬೇಕು, ಎಷ್ಟು ಹುಡುಕಿದರೂ ಸಿಗದೆ, ಮತ್ತೆ ಮೇಲೆ ಬಂದು ಬರಿಯ ಬೆರಳಲ್ಲೇ ಮೀಟಿ ಹಾಡಿದಳು. ಒಂದೊಂದು ‘ತ್ಚು’ವಿಗೂ ಅವಳ ದನಿ ಅರಳುತ್ತ ಹೋಯಿತು. ಉಪ್ಪಿಟ್ಟು ಆರಿ ತಣ್ಣಗಾಯಿತು, ಯಾರಿಗೂ ಅದರ ಪರಿವೆಯಿಲ್ಲ.

ಅಕ್ಕನಿಗೆ ಇಲ್ಲವೆಂದು ಹೇಳಿಯಾಯಿತು. ಮುಂದಿನ ತಿಂಗಳು ಪಾಟೀಲರ ಮನೆಯಲ್ಲಿ ಹಾಡಿದಳು, ಆಮೇಲೆ ಅವರ ಪಂಜಾಬಿ ನೆರೆಯವರ ಮನೆಯಲ್ಲಿ, ಆಮೇಲೆ ನಾವು ಕಂಡು ಕೇಳರಿಯದವರ ಮನೆಗಳಲ್ಲಿ. ಗದ್ದಲದ ಪಬ್ಬುಗಳನ್ನು ಬಿಟ್ಟಳು. ತನ್ನ ಹಾಡು ಮನಸ್ಸಿಗೆ ನಾಟುವುದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರ ಮುಂದೆ ಎಂದು ಅವಳಿಗೆ ತಿಳಿದುಹೋಗಿತ್ತು. ಹಾಗೆ ಕೋಣೆಯಿಂದ ಕೋಣೆಗೆ ದಾಟಿ ಈ ದೇಶದ ಉದ್ದಗಲ ಓಡಾಡಿದಳು, ಕಡೆಗೆ ತನ್ನ ಊರಿಗೂ ಹೋಗಿ ಹಾಡಿ ಬಂದಳು. ಕಂಪನಿ ಇವತ್ತಿಗೂ ಇಲ್ಲ. ನನಗೆ ಅವಳ ಬಗ್ಗೆ ಹೆಮ್ಮೆ, ಬಾಡಿಗೆಗೆ ಕೊಟ್ಟದ್ದು ಬಿಟ್ಟರೆ ನಾನು ಮಾಡಿದ್ದು ಏನೂ ಇಲ್ಲದಿದ್ದರೂ.

ಕಳೆದ ಭಾನುವಾರ ಟೊರಾಂಟೋದ ಸಭಾಂಗಣ ತುಂಬಿತ್ತು. ಒಳಗೆ ಹೋಗುವಾಗಲೇ ವತ್ಸಲ ಎಚ್ಚರಿಸಿದಳು: “ಇಲ್ಲಿ ಸುಮ್ನೆ ಕೂತ್ಕೊಳ್ಳಿ. ಲೊಚಗುಟ್ಟಿದ್ರೆ ಜನ ತಿರುಗಿ ನೋಡ್ತಾರೆ.” ನಾನು ಕೈಕಟ್ಟಿ ಕೂತೆ. ನೋರಾಳ ಕೂದಲಲ್ಲಿ ಒಂದೆರಡು ಬಿಳಿ ಎಳೆ. ಇನ್ನೂ ಬರಿಯ ಬೆರಳಲ್ಲೇ ಮೀಟುತ್ತಾಳೆ. ಕೊನೆಗೆ ದೋಣಿಯ ಹಾಡು ಬಂತು. ಅದಕ್ಕೀಗ ಹೊಸ ಸಾಲುಗಳಿವೆ: ಅಪ್ಪ ಇಲ್ಲ, ಈ ವಸಂತದಲ್ಲಿ ಬಣ್ಣ ಬಳಿದವಳು ಮಗಳು.

‘ತ್ಚು.’

ಮುಂದಿನ ಸಾಲಿನವರು ತಿರುಗಿ ನೋಡಿದರು. ಸದ್ದು ನನ್ನ ಬಾಯಿಂದಲೇ ಬಂದಿತ್ತು, ವತ್ಸಲಳ ಕಡೆ ನೋಡದೆಯೇ. ವೇದಿಕೆಯ ಮೇಲೆ ನೋರಾ ಹಾಡು ನಿಲ್ಲಿಸಲಿಲ್ಲ. ಕತ್ತಲಲ್ಲಿ ನಾವಿದ್ದ ಕಡೆಗೆ ಮುಖ ತಿರುಗಿಸಿ, ನಮ್ಮ ಹಾಗೆಯೇ ಎಡಕ್ಕೂ ಬಲಕ್ಕೂ ತಲೆಯಾಡಿಸಿದಳು.

ಬೈಸಿಕೊಳ್ಳಲು ಸಿದ್ಧನಾಗಿ ಹೆಂಡತಿಯತ್ತ ತಿರುಗಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಸರಿಯಾದ ಜಾಗದಲ್ಲೇ ಲೊಚಗುಟ್ಟಿದ್ರಿ,” ಎಂದಳು.